ಕೆಟ್ಟ ಫ್ರಿಜ್ಜಿನಿಂದ ಬಡತನ ನೀಗಿಸಿದವರಿಗೆ

ಬಡತನ ಸಮೀಕ್ಷೆಯ ಮುಖ್ಯ ತಜ್ಞರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಸೊರಬದ ತಾಲ್ಲೂಕು ಕಚೇರಿಯ ಎದುರು ಕುಳಿತು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುವ ನಾನು, ನಮ್ಮ ಕೆಸರು ರಸ್ತೆಯನ್ನು ಒಮ್ಮೆಯೂ ತುಳಿಯದೆ ನಮ್ಮ ಬಡತನವನ್ನು ಅಳೆದುಬಿಟ್ಟ ತಮ್ಮ ಜಾಣ್ಮೆಗೆ ತಲೆಬಾಗಿ, ಊರೆಲ್ಲ ಓದಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಜಡೆ ಊರಿನ ಕಡೆಯ ಉಚ್ಚಂಗಮ್ಮ ಇಲ್ಲಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾರೆ. ಗಂಡ ಬೆನಕಪ್ಪ ಅಡಿಕೆ ಮರದಿಂದ ಬಿದ್ದು ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಹೋಟೆಲಿನವರು ಗುಜರಿಗೆ ಹಾಕಬೇಕಿದ್ದ ಕೆಟ್ಟ ಫ್ರಿಜ್ಜನ್ನು ಆಕೆಗೆ ಕೊಟ್ಟರು. ಇಲಿಕಾಟದ ಮನೆಯಲ್ಲಿ ಪಡಿತರದ ಅಕ್ಕಿ ಇಡಲು ಅದು ಭದ್ರವಾದ ಪೆಟ್ಟಿಗೆಯಾಯಿತು. ತಮ್ಮ ಸಮೀಕ್ಷಕರು ಹೊಸ್ತಿಲಲ್ಲೇ ನಿಂತು ‘ಫ್ರಿಜ್ ಇದೆ’ ಎಂದು ಟ್ಯಾಬಿನಲ್ಲಿ ಒತ್ತಿದರು, ಮರುತಿಂಗಳೇ ಆಕೆಯ ರೇಷನ್ ಕಾರ್ಡು ರದ್ದಾಯಿತು. ದೇಶದೇಶಗಳ ಅರ್ಥಪಂಡಿತರು ಜೀವಮಾನವೆಲ್ಲ ತಲೆ ಕೆಡಿಸಿಕೊಂಡರೂ ಆಗದ್ದನ್ನು ತಾವು ಒಂದೇ ಬೆರಳಿನಲ್ಲಿ ಮುಗಿಸಿದಿರಿ.

ಇಷ್ಟು ದೊಡ್ಡ ಉಪಕಾರದ ಬೆಲೆ ತಿಳಿಯದ ಉಚ್ಚಂಗಮ್ಮ, ಗೂಡ್ಸ್ ಆಟೋದಲ್ಲಿ ಆ ಫ್ರಿಜ್ಜನ್ನೇ ಹೇರಿಕೊಂಡು ಕಚೇರಿಗೆ ಬಂದರು.

‘ಬಾಗ್ಲು ತೆಗ್ದು ಕೈ ಇಟ್ ನೋಡ್ರೀ ಸಾರ್, ತಣ್ಣಗೈತಾ?’

‘ಕೆಟ್ಟಿದ್ಯೋ ಏನೋ ಅಂತ ಬರಿಯೋಕೆ ಕಾಲಂ ಇಲ್ಲಮ್ಮ. ಇದೆಯಾ, ಇಲ್ವಾ, ಅಷ್ಟೇ,’ ಎಂದರು ಅಧಿಕಾರಿಗಳು.

‘ಹಂಗಾರೆ ಇಲ್ಲ ಅಂತ ಬರ್ಕಳಿ,’ ಎಂದು ಆಕೆ ಅದನ್ನು ಕಚೇರಿಯ ಜಗಲಿಯಲ್ಲೇ ಬಿಟ್ಟು ಹೊರಟರು.

ಹಾಗೆ ಬರೆದುಕೊಳ್ಳಲು ಮುಂದಿನ ಸಮೀಕ್ಷೆಯೇ ಬರಬೇಕಂತೆ. ನಾನು ಬರೆದುಕೊಟ್ಟ ಮೂರು ಅರ್ಜಿಗಳೂ ಅದೇ ಉತ್ತರ ಹೊತ್ತು ಮರಳಿದವು. ಈಗ ಉಚ್ಚಂಗಮ್ಮ ಹೋಟೆಲಿನಲ್ಲಿ ತನಗೆ ಕೊಡುವ ಊಟವನ್ನು ಕಟ್ಟಿಕೊಂಡು ಹೋಗಿ ಗಂಡನಿಗೆ ಉಣಿಸುತ್ತಾರೆ. ನೀವು ಉಂಡಿರಾ ಎಂದು ಕೇಳಿದರೆ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ.

ತಮ್ಮ ಟ್ಯಾಬಿಗೆ ಇಂಥ ಮಹಿಮೆ ಇರುವುದರಿಂದ, ದಯವಿಟ್ಟು ಬೆನಕಪ್ಪನವರ ಹೆಸರಿನ ಮುಂದೆ ‘ನಡೆಯುತ್ತಾರೆ’ ಎಂದೂ ಒಮ್ಮೆ ಒತ್ತಿಸಬೇಕು. ಅವರು ಎದ್ದು ಬಂದು ತಮಗೆ ಕೈ ಮುಗಿಯುವರು.

ತಮ್ಮ ಯಾವ ಕಾಲಮ್ಮಿಗೂ ಹಿಡಿಸದ
ತಮ್ಮ ವಿಶ್ವಾಸಿ,
ಗಂಗಾಶ್ರೀ

ತಾ.ಕ.: ಬಡತನದಿಂದ ಮೇಲೆದ್ದವರಿಗೆ ಶಾಲು ಹೊದಿಸುವ ಸಮಾರಂಭಕ್ಕೆ ಉಚ್ಚಂಗಮ್ಮನವರಿಗೆ ತಮ್ಮ ಆಹ್ವಾನ ಬಂದಿದೆ. ನನ್ನಿಂದ ಎರಡು ಸಲ ಓದಿಸಿಕೊಂಡು, ‘ಊಟ ಇರ್ತದಂತಾ, ಗಂಗಾ?’ ಎಂದು ಕೇಳಿದರು. ಆಹ್ವಾನಪತ್ರದಲ್ಲಿ ಆ ವಿಷಯ ಕಾಣಿಸಿಲ್ಲ, ದಯಮಾಡಿ ತಿಳಿಸಬೇಕು.