ಒಂಬತ್ತನೆಯ ಟ್ರಂಕು ಮತ್ತು ಸಾಹೇಬರ ಕರಿ ಕೋಟು

ಸರಕಾರಿ ಅಧಿಕಾರಿಯ ಮನೆಯಲ್ಲಿ ನಗೆಗೆ ಬರವಿಲ್ಲ. ಕೂತು ನಗಲಿಕ್ಕೆ ಪುರಸೊತ್ತಿಲ್ಲ, ಅಷ್ಟೇ. ನಮ್ಮ ಯಜಮಾನರು ಮುಂದೆ ದೊಡ್ಡ ಹುದ್ದೆಗೇರಿದರು. ಹಳಿಯಾಳದಲ್ಲಿ ಪ್ರಾಂತ ಅಧಿಕಾರಿಯಾಗಿದ್ದಾಗ ಮಾತ್ರ ಬೆಳಿಗ್ಗೆ ದಾಂಡೇಲಿ, ಮಧ್ಯಾಹ್ನ ಜೋಯಿಡಾ, ಮರುದಿನ ಮುಂಡಗೋಡ. ಕೂತರೆ ಕುರ್ಚಿ ಸುಡುತ್ತದೆಯೇನೋ ಎಂಬಂಥ ಮನುಷ್ಯ. ನಾನು ಬಿ.ಎ. ಓದಿದವಳು, ಯಾವ ಊರಲ್ಲಿ ಎಷ್ಟು ದಿನ ಇದ್ದೆವು, ಯಾವ ಟ್ರಂಕಿನಲ್ಲಿ ಏನಿದೆ, ಎಲ್ಲ ವಹಿಯಲ್ಲಿ ಬರೆದಿಡುತ್ತಿದ್ದೆ. ಆ ವರ್ಷದ ವಹಿಯ ಮೊದಲ ಪುಟದಲ್ಲಿ ಒಂದೇ ಸಾಲು: "ಮಗಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವತನಕ ಇಲ್ಲಿಂದ ಕದಲಬಾರದು." ಹಳಿಯಾಳದ್ದು ಅವಳ ನಾಲ್ಕನೆಯ ಶಾಲೆ.

೧. ಬಂದರೂ ಬರಲಿಲ್ಲ

ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನವರು ಸಾಹೇಬರಿಗಾಗಿ ಮಾವಿನೆಲೆಯ ಕಮಾನು ಕಟ್ಟಿದ್ದರು. ಜೀಪು ಊರ ಹೊರಗೇ ಕೆಸರಲ್ಲಿ ಹೂತಿತು. ಇವರಿಗೆ ಕಾಯುವ ತಾಳ್ಮೆ ಎಲ್ಲಿ? ಗದ್ದೆಯ ಬದುವಿನ ಮೇಲೆ ನಡೆದು, ಹಿಂದಿನಿಂದ ಚಾವಡಿಗೆ ಹೋಗಿ ಊರಿನ ಕಾಗದಪತ್ರದ ದಫ್ತರ ಬಿಚ್ಚಿಸಿ ಕೂತರು. ಅರ್ಧ ತಾಸಿನ ಮೇಲೆ ಊರ ಗೌಡರು ಹಾರ ಹಿಡಿದು ಓಡಿ ಬಂದರು.

"ಏಳ್ರಿ ಸಾಹೇಬ್ರ, ಹೊರಗ ಹೋಗಿ ಬರ್ರಿ."

"ಬಂದೇನಲ್ರೀ ಗೌಡ್ರ!"

"ಕಮಾನಿನ್ಯಾಗ ಹಾದು ಬಂದಿಲ್ಲಲ್ರಿ. ಊರ ಲೆಕ್ಕದಾಗ ನೀವಿನ್ನೂ ಬಂದಿಲ್ಲ."

ಕೆಸರು ಬೂಟಿನಲ್ಲೇ ಹೊರಗೆ ಹೋಗಿ, ಹಲಗೆ ವಾದ್ಯದೊಂದಿಗೆ ಕಮಾನಿನಲ್ಲಿ ಹಾದು ಮತ್ತೆ ಬಂದರು. ಅಷ್ಟರೊಳಗೆ ಗೌಡರು ದಫ್ತರವನ್ನೂ ಕಟ್ಟಿಸಿಟ್ಟಿದ್ದರಂತೆ, ಹೊಸದಾಗಿ ಬಿಚ್ಚಲಿಕ್ಕೆ.

೨. ಪಾಳಿ

ದಾಂಡೇಲಿಯ ಕಾರ್ಮಿಕರ ಚಾಳಿನಲ್ಲಿ ನಳದ ನೀರಿನ ತಕರಾರು. ಖುದ್ದು ನೋಡಬೇಕೆಂದು ಇವರು ಮುಂಜಾನೆ ಧೋತರದಲ್ಲೇ ಹೋಗಿ ನಳದ ಹತ್ತಿರ ನಿಂತರು. ಬೆಳಗಾವಿ ಕಡೆಯ ಒಬ್ಬಾಕೆ ಗದರಿದಳು: "ಕಾಕಾ, ನಡುವ ಯಾಕ ನಿಂತೀರಿ? ಹಿಂದ ಹೋಗ್ರಿ. ಕೊಡ ಎಲ್ಲೈತಿ ನಿಮ್ದು?"

ಇವರು ಹಿಂದೆ ಹೋಗಿ ನಿಂತರು. ಕಚೇರಿಯ ಜವಾನ, ನಮ್ಮ ಪಟ್ಟೇವಾಲಾ, ಓಡಿ ಬಂದು, "ಏ, ಅವರು ಪ್ರಾಂತ ಸಾಹೇಬ್ರು!" ಎಂದ.

ಆಕೆ ಕೊಡ ಸೊಂಟಕ್ಕೇರಿಸಿ, "ಇರ್ಲಿ ಬಿಡು. ಸಾಹೇಬ್ರ ಮುಂದ ಇನ್ನ ಐದ ಕೊಡ ಅದಾವು," ಎಂದಳು.

೩. ದಾಖಲೆಯ ಆಧಾರ

ನಮ್ಮವು ಒಂಬತ್ತು ಟ್ರಂಕು. ಹಳಿಯಾಳಕ್ಕೆ ಬಂದ ಮೇಲೆ ಎಂಟರ ಬೀಗ ತೆಗೆದಿದ್ದೆ. ಒಂಬತ್ತನೆಯದಕ್ಕೆ ಕೈ ಹಾಕಿದಾಗ ಅದೇ ಪಟ್ಟೇವಾಲಾ ಗಾಬರಿಯಾದ.

"ಬಾಯಾರ, ಅದನ್ನ ಬಿಚ್ಚಬ್ಯಾಡ್ರಿ. ಹಿಂದಿನ ಸಾಹೇಬ್ರ ಮನ್ಯಾಗೂ ಹಿಂಗ ಕಡೀ ಟ್ರಂಕ್ ಬಿಚ್ಚಿದ್ರು, ವರ್ಗದ ಆರ್ಡರ್ ಬಂತು."

"ಅದಕ್ಕೂ ಇದಕ್ಕೂ ಏನ್ ಸಂಬಂಧಪಾ?" ಎಂದೆ. ಬಿ.ಎ. ಓದಿದವಳು ಬೇರೇನು ಅಂದೇನು? ಆತ ಹೋದ ಮೇಲೆ ಮೆಲ್ಲಗೆ ವಹಿ ತೆಗೆದೆ. ಹಿಂದಿನ ಮೂರೂ ಊರಲ್ಲಿ, ಕಡೆಯ ಟ್ರಂಕು ಬಿಚ್ಚಿದ ಹದಿನೈದು ದಿನದೊಳಗೆ ವರ್ಗಾವಣೆ! ಒಂಬತ್ತನೆಯದರ ಬೀಗ ಮುಟ್ಟದೆ ಅದರ ಕೀಲಿಯನ್ನು ಸಾಸಿವೆ ಡಬ್ಬಿಯಲ್ಲಿ ಹೂತಿಟ್ಟೆ. ಮೂಢನಂಬಿಕೆಯಿಂದಲ್ಲ, ದಾಖಲೆಯ ಆಧಾರದಿಂದ.

೪. ಕೋಟು

ಪರೀಕ್ಷೆಗೆ ಎರಡು ತಿಂಗಳಿರುವಾಗ, ಯಾರನ್ನು ಎಲ್ಲಿಗೆ ಹಾಕಬೇಕೆಂದು ನಿರ್ಧರಿಸುವ ಹಿರಿಯ ಸಾಹೇಬರೇ ತಪಾಸಣೆಗೆ ಬಂದರು.

"ನನ್ನ ಕರೀ ಕೋಟು ಎಲ್ಲೈತಿ?" ಎಂದು ಇವರು ನನ್ನನ್ನು ಕೇಳಿದರು.

"ಒಂಬತ್ತನೇ ಟ್ರಂಕಿನ್ಯಾಗ. ತೆಗಿಯೂದಿಲ್ಲ."

"ಹುಚ್ಚೇನು ನಿನಗ?"

"ಹುಡುಗಿ ಪರೀಕ್ಷಾ ಮುಗೀಲಿ."

ಕೊನೆಗೆ ತಾಲೂಕಿನ ಸಣಕಲು ಮಾಮಲೇದಾರರ ಕೋಟು ತರಿಸಿ ತೊಟ್ಟರು. ಗುಂಡಿ ಹಾಕಿದರೆ ಉಸಿರಿಲ್ಲ, ಉಸಿರಾಡಿದರೆ ಗುಂಡಿಯಿಲ್ಲ. ಹಿರಿಯರು ಮೇಲಿಂದ ಕೆಳಗೆ ನೋಡಿ ನಕ್ಕರಂತೆ: "ಏನ್ರೀ, ಭಾಳ ಮೈ ಹಿಡದೀರಿ! ನಿಮ್ಮನ್ನ ಬ್ಯಾರೆ ಕಡೆ ಹಾಕೂ ವಿಚಾರ ಇತ್ತು. ಹಳಿಯಾಳದ ಹವಾ ಇಷ್ಟು ಒಗ್ಗೇತಿ ಅಂದ್ರ ಸದ್ಯ ಇಲ್ಲೇ ಇರ್ರಿ."

ಮಗಳು ಪರೀಕ್ಷೆಗೆ ಕೂತಳು. ಕೊನೆಯ ಪತ್ರಿಕೆ ಮುಗಿದ ಸಂಜೆ ಇವರೇ ನಾನು ತೋರಿಸಿದ ಸಾಸಿವೆ ಡಬ್ಬಿ ಸುರುವಿ, ಕೀಲಿ ಹುಡುಕಿ, ಒಂಬತ್ತನೆಯ ಟ್ರಂಕು ತೆಗೆದರು. ಕಂಬಳಿ, ಹಿತ್ತಾಳೆಯ ದೀಪದ ಸಮೆ, ನನ್ನ ಪದವಿ ಪತ್ರ. ಕೋಟಿಲ್ಲ! ವಹಿ ನೋಡಿದೆ. ನನ್ನ ಅಕ್ಷರದಲ್ಲೇ ಇತ್ತು: "ಕರಿ ಕೋಟು: ಟ್ರಂಕು ಮೂರು, ತಳದಲ್ಲಿ." ಮೂರನೆಯದು ವರ್ಷವಿಡೀ ಬೀಗವಿಲ್ಲದೆ ಅವರ ಮಂಚದ ಕೆಳಗೇ ಇತ್ತು.

ಅವರು ನನ್ನನ್ನು ನೋಡುತ್ತಿದ್ದರು, ನಾನು ವಹಿಯನ್ನು. ಅಷ್ಟರಲ್ಲಿ ಒಳಗೆ ಬಂದ ಪಟ್ಟೇವಾಲಾ ತೆರೆದ ಟ್ರಂಕು ಕಂಡು, ಹಿತ್ತಲಿಗೆ ಹೋಗಿ, ಸಾಮಾನು ಕಟ್ಟುವ ಹಗ್ಗದ ಸುರುಳಿ ತಂದಿಟ್ಟ.

"ಯಾಕಪಾ? ಆರ್ಡರ್ ಎಲ್ಲಿ ಬಂದೈತಿ?" ಎಂದೆ.

"ದಾರ್ಯಾಗ ಐತ್ರಿ, ಬಾಯಾರ."