ನಮ್ಮ ಭಾವನ ಜಯನಗರ ರೋಡ್ ಸ್ಟೇಷನ್

ಮಕ್ಕಳನ್ನು ಕಂಡರೆ ಪ್ರೀತಿಸುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಮಕ್ಕಳು ಯಾವಾಗ ದೊಡ್ಡವರಾಗುತ್ತಾರೋ ಎಂದು ಚಾತಕಪಕ್ಷಿಯ ಹಾಗೆ ಕಾಯುವವರು ನನಗೆ ಗೊತ್ತಿರುವಂತೆ ಒಬ್ಬರೇ. ಅವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಯಜಮಾನರು!

ಇದಕ್ಕೆಲ್ಲ ಕಾರಣ ಪ್ಲಾಸ್ಟಿಕ್ ಇಟ್ಟಿಗೆ. ಅದೇ, ಒಂದರ ಮೇಲೆ ಒಂದನ್ನು ಒತ್ತಿದರೆ ಟಕ್ಕೆಂದು ಕೂತುಕೊಳ್ಳುತ್ತದಲ್ಲ, ಮಕ್ಕಳು ಮನೆ ಕಟ್ಟಿ ಆಡುವ ಬ್ಲಾಕ್ಸು. ತೊಂಬತ್ತರ ದಶಕದ ಮೊದಲಲ್ಲಿ ಭಾವ ಮಗಳ ಹುಟ್ಟುಹಬ್ಬಕ್ಕೆಂದು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಅಂಥದ್ದೊಂದು ಡಬ್ಬ ತಂದರು. ಮಗು ಡಬ್ಬವನ್ನು ಮಾತ್ರ ಇಟ್ಟುಕೊಂಡು ಒಳಗಿದ್ದುದನ್ನೆಲ್ಲ ನೆಲಕ್ಕೆ ಸುರಿಯಿತು. ಸುರಿದದ್ದನ್ನು ಬಳಿದುಕೊಳ್ಳಲು ಕುಕ್ಕರಗಾಲಲ್ಲಿ ಕೂತ ಭಾವ ಒಂದು ಗಂಟೆಯ ನಂತರ ನೋಡಿದರೆ ಅಲ್ಲೊಂದು ರೈಲ್ವೆ ಪ್ಲಾಟ್‌ಫಾರಮ್ಮು, ಅದರ ಮೇಲೊಂದು ಬೆಂಚು! ಅವತ್ತು ಕೂತವರು ಇವತ್ತಿನವರೆಗೂ ಎದ್ದಿಲ್ಲ ಎಂಬುದು ಅಕ್ಕನ ದೂರು.

ಬೆಂಚೇನೋ ಆಯಿತು, ಸ್ಟೇಷನ್ನಿಗೆ ಇಟ್ಟಿಗೆ ಎಲ್ಲಿಂದ ತರುವುದು? ಬಿಡಿ ಇಟ್ಟಿಗೆಯನ್ನು ಆಗ ಯಾರೂ ಮಾರುತ್ತಿರಲಿಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಭಾವ ದೂರಾಲೋಚನೆಯ ಯೋಜನೆಯೊಂದನ್ನು ಹಾಕಿದರು. ನೆಂಟರಿಷ್ಟರಲ್ಲಿ ಯಾವ ಮಗುವಿನ ಹುಟ್ಟುಹಬ್ಬವಾದರೂ ಸರಿ, ಭಾವನದು ಅದೇ ಬ್ಲಾಕ್ಸಿನ ಡಬ್ಬ. ‘ಮಕ್ಕಳೆಂದರೆ ಎಷ್ಟು ಪ್ರೀತಿ ನೋಡಿ’ ಎಂದು ನಾವೆಲ್ಲ ಕರಗಿ ನೀರಾದೆವು. ಅದೊಂದು ಪಾಲಿಸಿ ಎಂದು ನಮಗೆ ಗೊತ್ತಾದದ್ದು ಅದು ಮೆಚ್ಯೂರ್ ಆದಾಗಲೇ.

ಮೊದಲು ಮೆಚ್ಯೂರ್ ಆದದ್ದು ನನ್ನ ಮನೆಯಲ್ಲಿ. ಬನಶಂಕರಿಯ ಛತ್ರವೊಂದರಲ್ಲಿ ನನ್ನ ಮಗನ ಉಪನಯನ. ವಟು ‘ಭವತಿ ಭಿಕ್ಷಾಂ ದೇಹಿ’ ಎನ್ನುತ್ತಾ ಬಂದ. ಎಲ್ಲರೂ ಅಕ್ಕಿ ಹಾಕಿದರು. ಭಾವನೂ ಹಾಕಿದರು. ಹಾಕಿದವರು ಸುಮ್ಮನಿರಬೇಡವೇ? ಕಂಕುಳಲ್ಲಿದ್ದ ಬಟ್ಟೆ ಚೀಲವನ್ನು ಬಿಡಿಸಿ ವಟುವಿನ ಮುಂದೆ ಒಡ್ಡಿದರು!

“ಇನ್ಮೇಲೆ ನೀನು ಬ್ರಹ್ಮಚಾರಿ ಕಣಪ್ಪ. ಆಟ ಗೀಟ ಎಲ್ಲ ಮುಗೀತು. ಆ ಬ್ಲಾಕ್ಸ್ ಡಬ್ಬ ಎಲ್ಲಿಟ್ಟಿದೀಯ?”

ಪುರೋಹಿತರು ಮಂತ್ರ ನಿಲ್ಲಿಸಿ ಕಣ್ಣು ಬಿಟ್ಟರು. ವಟುವಿನ ಹತ್ತಿರವೇ ಭಿಕ್ಷೆ ಬೇಡಿದವರನ್ನು ಅವರು ಅದುವರೆಗೆ ಕಂಡಿರಲಿಲ್ಲವಂತೆ. ಮಾರನೆಯ ದಿನ ನಮ್ಮ ಮನೆಯ ಅಟ್ಟದಿಂದ ಡಬ್ಬ ಇಳಿಸಿದರೆ ಅರ್ಧದಷ್ಟನ್ನು ನಮ್ಮ ನಾಯಿ ಎಂದೋ ಅಗಿದು ಹಾಕಿತ್ತು. ನನಗೆ ಸಂಕೋಚವಾಯಿತು. ಭಾವ ಮಾತ್ರ ಅಗಿದದ್ದನ್ನೂ ಚೀಲಕ್ಕೆ ತುಂಬಿಕೊಂಡು, “ಇರ್ಲಿ ಬಿಡಯ್ಯ, ಗೂಡ್ಸ್ ಗಾಡೀಲಿ ಕಲ್ಲಿದ್ದಲು ಅಂತ ತುಂಬ್ತೀನಿ” ಎಂದು ಹೊರಟರು. ತುಂಬಿದರು ಕೂಡ! ನಾಯಿ ಅಗಿದ ಇಟ್ಟಿಗೆ ಕಲ್ಲಿದ್ದಲಿನ ಹಾಗೆಯೇ ಕಾಣುತ್ತದೆ ಎಂಬುದು ಈ ಪ್ರಪಂಚದಲ್ಲಿ ಇನ್ನಾರಿಗೆ ಹೊಳೆದೀತು?

ಹೀಗೆ ಕಾದು, ಬೇಡಿ, ಕೂಡಿಸಿ ಕಟ್ಟಿದ ಸ್ಟೇಷನ್ನಿನ ಹೆಸರು ‘ಜಯನಗರ ರೋಡ್’. ಹೆಸರಿನ ಕೊನೆಯಲ್ಲಿ ‘ರೋಡ್’ ಇದ್ದರೆ ಊರು ಅಲ್ಲಿಂದ ಆರು ಮೈಲಿ ದೂರ ಎಂದು ರೈಲು ಹತ್ತಿದವರಿಗೆಲ್ಲ ಗೊತ್ತು. ಇದೋ ಜಯನಗರದ ನಟ್ಟನಡುವೆ, ಅಕ್ಕನ ಮನೆಯ ಊಟದ ಮೇಜಿನ ಮೇಲೆ! ಹಳದಿ ಬೋರ್ಡಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಎಷ್ಟೆಂದು ಬೇರೆ ಬರೆದಿದ್ದರು. ಅದಕ್ಕೆ ಮೇಜಿನ ಎತ್ತರ ಎರಡೂವರೆ ಅಡಿಯನ್ನೂ ಸೇರಿಸಿದ್ದರು ಎಂದರೆ ನೀವು ನಂಬಬೇಕು.

ತಮಾಷೆ ಮಾಡುತ್ತೇನೆ ನಿಜ, ಆದರೆ ಆ ಸ್ಟೇಷನ್ನನ್ನು ನೋಡಿದಾಗೆಲ್ಲ ನನಗೆ ಮಾತು ನಿಲ್ಲುತ್ತಿತ್ತು. ಕೆಂಪು ಹೆಂಚಿನ ಇಳಿಜಾರು ಮಾಡು, ಹಸಿರು ಕಿಟಕಿ ಬಾಗಿಲು, ತೂಕದ ಯಂತ್ರ, ಟಿಕೆಟ್ಟಿನ ಕಿಂಡಿ, ಬೆಂಕಿ ಆರಿಸಲೆಂದು ಸಾಲಾಗಿ ತೂಗುಬಿದ್ದ ನಾಲ್ಕು ಬಕೆಟ್ಟು. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಹಾಕಿದ ಎಂಜಿನ್ನು ಮೂರು ಬೋಗಿ ಎಳೆದುಕೊಂಡು ಗುರ್ರೆಂದು ಸುತ್ತು ಹಾಕುತ್ತಿತ್ತು. ಇಟ್ಟಿಗೆಯನ್ನು ಕತ್ತರಿಸಬಾರದು, ಅಂಟು ಹಾಕಬಾರದು, ಬಣ್ಣ ಬಳಿಯಬಾರದು. ಇವು ಭಾವನ ಮೂರು ಕಟ್ಟಳೆ. ಇದ್ದದ್ದನ್ನು ಇದ್ದ ಹಾಗೆಯೇ ಹುಡುಕಿ ಜೋಡಿಸಬೇಕು. ಒಂದು ಕಿಟಕಿಗಾಗಿ ಅವರು ಎರಡು ವರ್ಷ ಕಾದದ್ದುಂಟು, ಏಕೆಂದರೆ ಆ ಕಿಟಕಿ ಇದ್ದದ್ದು ಜೆ.ಪಿ. ನಗರದ ಒಂದು ಹುಡುಗಿಯ ಹತ್ತಿರ, ಅವಳಿನ್ನೂ ಒಂದನೇ ಕ್ಲಾಸು!

ರೈಲು ಹೊರಡುವ ಸಮಯ ಸಂಜೆ ಆರು ನಲವತ್ತು. ಆದರೆ ನಿಜವಾದ ರೈಲು ತಡವಾದರೆ ಇವರದ್ದೂ ತಡವಾಗಬೇಕು. ಅದಕ್ಕಾಗಿ ದಿನಾ ಸಂಜೆ ರೈಲ್ವೆ ವಿಚಾರಣೆಗೆ ಫೋನು. ಮೈಸೂರಿನ ಗಾಡಿ ಎಷ್ಟು ನಿಮಿಷ ಲೇಟು ಎಂದು ಕೇಳಿಕೊಂಡು, ಸ್ಟೀಲ್ ಲೋಟವನ್ನು ಬಾಯಿಗೆ ಹಿಡಿದು ‘ಪ್ರಯಾಣಿಕರ ಗಮನಕ್ಕೆ’ ಎಂದು ಘೋಷಿಸಿ, ವಿಳಂಬಕ್ಕಾಗಿ ವಿಷಾದವನ್ನೂ ಹೇಳಿ, ಅಷ್ಟೇ ನಿಮಿಷ ಸುಮ್ಮನೆ ಕೂರುತ್ತಿದ್ದರು. ಮನೆಗೆ ಬಂದವರು ರೈಲು ಹೊರಡದೆ ಹೊರಡುವಂತಿರಲಿಲ್ಲ. ಒಂದು ದಿನ ಫೋನಿನ ಆ ಕಡೆಯವನಿಗೆ ತಾಳ್ಮೆ ಕೆಟ್ಟಿತು: “ಸಾರ್, ನಾಲ್ಕು ವರ್ಷದಿಂದ ಕೇಳ್ತಾನೇ ಇದೀರ. ಇವತ್ತಾದ್ರೂ ಮೈಸೂರಿಗೆ ಹೋಗ್ತೀರೋ ಇಲ್ವೋ?”

ಇಷ್ಟಕ್ಕೆಲ್ಲ ಒಂದು ಮೂಲವಿದೆ. ಮದುವೆಗೆ ಮುಂಚೆ ಭಾವ ಶ್ರೀನಗರದಲ್ಲಿ ಒಬ್ಬ ಗೆಳೆಯನ ಜೊತೆ ರೂಮು ಮಾಡಿಕೊಂಡಿದ್ದರು. ಇಬ್ಬರಿಗೂ ಸ್ಟೇಷನ್ ಮಾಸ್ಟರ್ ಆಗುವ ಹುಚ್ಚು. ಇಬ್ಬರೂ ಪರೀಕ್ಷೆ ಬರೆದರು, ಇಬ್ಬರೂ ಪಾಸಾದರು. ಗೆಳೆಯ ಸ್ಟೇಷನ್ ಮಾಸ್ಟರಾದ. ಭಾವ ವಿಮೆಗೆ ಬಂದರು. “ಮೆಡಿಕಲ್ಲಲ್ಲಿ ಹೋಯ್ತು” ಎನ್ನುವುದರ ಆಚೆಗೆ ಅವರು ಒಂದು ಮಾತೂ ಆಡುತ್ತಿರಲಿಲ್ಲ. ಎತ್ತರ ಸಾಲದೇ ಹೋಯಿತೋ, ಚಪ್ಪಟೆ ಪಾದವೋ ಎಂದು ನಾವು ತಲೆಗೊಂದು ಊಹಿಸುತ್ತಿದ್ದೆವು. ಅಕ್ಕನನ್ನು ಕೇಳಿದರೆ, “ಈಗ್ಯಾಕೆ ಆ ವಿಷ್ಯ? ಕಾಫಿ ಆರೋಗತ್ತೆ ಕುಡಿ” ಎಂದು ಮೊರವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಮಧ್ಯಾಹ್ನ ಯಾವಾಗ ಹೋದರೂ ಅಕ್ಕ ಟಿವಿಯ ಧಾರಾವಾಹಿ ನೋಡುತ್ತಾ ಮೊರದಲ್ಲಿ ಬೇಳೆ ಆರಿಸುತ್ತಿರುತ್ತಿದ್ದಳು; ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಮೊರಕ್ಕೆ ಸೆರಗು ಮುಚ್ಚುತ್ತಿದ್ದಳು. ದೃಷ್ಟಿಯಾಗದಿರಲಿ ಎಂದಿರಬೇಕು, ಅಷ್ಟು ಒಳ್ಳೆಯ ಬೇಳೆ ಎಂದು ನಾನು ರೇಗಿಸುತ್ತಿದ್ದೆ.

ಅಕ್ಕನಿಗೂ ಭಾವನಿಗೂ ವರ್ಷಕ್ಕೊಮ್ಮೆ ಯುದ್ಧ ಆಗುತ್ತಿದ್ದದ್ದು ದಸರಾ ಬೊಂಬೆ ಕೂರಿಸುವಾಗ. ಕೆಳಗಿನ ಎರಡು ಮೆಟ್ಟಿಲು ಸ್ಟೇಷನ್ನಿಗೆ ಬೇಕೆಂದು ಭಾವ, ಕೊಡುವುದಿಲ್ಲವೆಂದು ಅಕ್ಕ. ಕೊನೆಗೆ ಪಟ್ಟದ ಬೊಂಬೆ ರಾಜ ರಾಣಿಯರು ಪ್ಲಾಟ್‌ಫಾರಮ್ಮಿಗೇ ಬಂದು ನಿಲ್ಲುತ್ತಿದ್ದರು.

“ನೋಡ್ರೀ, ಒಂಬತ್ತು ದಿನದಿಂದ ರಾಜ ರಾಣೀನ ಹೀಗೆ ನಿಲ್ಸಿದೀರ. ಅವ್ರಿಗೊಂದು ಸೀಟಾದ್ರೂ ಕೊಡಿ!”

“ಟಿಕೆಟ್ ತಗೊಂಡಿಲ್ವಲ್ಲೇ!”

ಒಂದು ಆಯುಧಪೂಜೆಗೆ ಎಂಜಿನ್ನಿಗೆ ಕುಂಕುಮವಿಟ್ಟು, ಹೂವೇರಿಸಿ, ಶಾಸ್ತ್ರಕ್ಕೆ ಕಡಿಮೆಯಾಗಬಾರದೆಂದು ಚಕ್ರದ ಮುಂದೆ ನಿಂಬೆಹಣ್ಣನ್ನೂ ಇಟ್ಟರು. ಲಾರಿಯ ಚಕ್ರಕ್ಕೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಇಲ್ಲಿ ಎಂಜಿನ್ನಿಗಿಂತ ನಿಂಬೆಹಣ್ಣೇ ದಪ್ಪ! ಗಾಡಿ ಹಳಿ ತಪ್ಪಿ ರಾಣಿಯ ಕಾಲ ಮೇಲೆ ಬಿತ್ತು. ಭಾವ ಲೋಟ ಎತ್ತಿಕೊಂಡು ಅಪಘಾತದ ಘೋಷಣೆ ಮಾಡಿದರು.

ಎರಡು ಸಾವಿರದ ಆರರ ಸುಮಾರಿನ ದಸರಾ ಬಂತು. ಆ ಹಳೆಯ ಗೆಳೆಯ ಸ್ವಯಂ ನಿವೃತ್ತಿ ಪಡೆದು ವಸಂತಪುರದಲ್ಲಿ ಮನೆ ಮಾಡಿದ್ದ. ಆಯುಧಪೂಜೆಯ ಸಂಜೆ ಬೊಂಬೆ ನೋಡಲು ಬರುತ್ತೇನೆಂದು ಫೋನು ಮಾಡಿದ. ಭಾವನ ಮುಖ ನೋಡಬೇಕಿತ್ತು! ಇಷ್ಟು ವರ್ಷ ನಾವು ನೆಂಟರು ‘ಆಹಾ’ ಎಂದದ್ದು ಯಾವ ಲೆಕ್ಕ? ಈಗ ಬರುತ್ತಿರುವುದು ನಿಜವಾದ ಸ್ಟೇಷನ್ ಮಾಸ್ಟರು. “ಅವನು ಒಂದ್ಸಲ ನೋಡಿ, ಇದು ಸ್ಟೇಷನ್ನು ಅಂತ ಅಂದ್ಬಿಟ್ರೆ ಸಾಕು ಕಣಯ್ಯ” ಎಂದು ನನ್ನ ಕೈ ಹಿಡಿದುಕೊಂಡರು. ಹಳೆಯ ಮಾಡನ್ನು ಕಿತ್ತು, ಇನ್ನೂ ಉದ್ದದ ಹೊಸ ಮಾಡು ಕಟ್ಟುವುದೆಂದು ತೀರ್ಮಾನವಾಯಿತು.

ಅದೇ ವಾರ ಅಕ್ಕನಿಗೆ ಚಿಕೂನ್‌ಗುನ್ಯ. ಬೆರಳುಗಳು ಬಾಳೆಕಾಯಿಯ ಹಾಗೆ ಊದಿಕೊಂಡು ಒಂದು ಲೋಟ ಹಿಡಿಯಲೂ ಆಗದೆ ಮಲಗಿದಳು. ಭಾವ ಅನ್ನ ಸಾರು ಮಾಡಿ ಅವಳಿಗೆ ತಿನ್ನಿಸಿ, ಉಳಿದ ಹೊತ್ತಿನಲ್ಲಿ ಒಬ್ಬರೇ ಮಾಡು ಕಟ್ಟಿದರು.

ಆಯುಧಪೂಜೆಯ ಸಂಜೆ ನಾನು ಹೋದೆ. ನೋಡಿದರೆ ಮಾಡು ಕೆಂಪಗೂ ಇಲ್ಲ, ಹಸಿರಾಗಿಯೂ ಇಲ್ಲ! ಒಡೆದ ಕಲ್ಲಂಗಡಿಯ ಹಾಗೆ ಎರಡೂ ಕಲಸಿಕೊಂಡಿವೆ. ಹೊಸ ಫ್ಯಾಷನ್ನೇ ಇರಬೇಕೆಂದು ನಕ್ಕು ಏನೋ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಬಂದ ಅಕ್ಕ ಮಾಡನ್ನು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಕಣ್ಣಲ್ಲೇ ನನ್ನನ್ನು ಅಡುಗೆಮನೆಗೆ ಕರೆದಳು.

“ಬಾಯಿ ಬಿಡ್ಬೇಡ. ಅವ್ರಿಗೆ ಕೆಂಪು ಹಸಿರು ಬೇರೆ ಬೇರೆ ಕಾಣಲ್ಲ ಕಣೋ. ಮೆಡಿಕಲ್ಲಲ್ಲಿ ಹೋಗಿದ್ದು ಅದಕ್ಕೇ.”

“ಅವ್ರೇ ಹೇಳಿದ್ರಾ?”

“ಎಲ್ಲಿ ಹೇಳ್ತಾರೆ? ಮದ್ವೆ ಆದ ವರ್ಷ ಗೌರಿ ಹಬ್ಬಕ್ಕೆ ಹಸಿರು ಸೀರೆ ಅಂತ ತಂದ್ರು. ಕೆಂಪಗಿತ್ತು. ಉಟ್ಕೊಂಡೆ. ಹಸಿರು ನಿಂಗೆ ಎಷ್ಟು ಒಪ್ಪತ್ತೆ ಅಂದ್ರು. ಹೌದು ಅಂದೆ. ಅಷ್ಟೆ.”

“ಮತ್ತೆ ಇಷ್ಟು ವರ್ಷ ಈ ಸ್ಟೇಷನ್ನು...”

“ಅವ್ರು ಭಾನುವಾರ ಕೆಂಪು ಹಸಿರು ಅಂತ ಎರಡು ಡಬ್ಬಕ್ಕೆ ವಿಂಗಡಿಸಿ ಇಡೋರು. ವಾರವೆಲ್ಲ ಅವ್ರು ಆಫೀಸಿಗೆ ಹೋದ್ಮೇಲೆ ನಾನು ಮೊರಕ್ಕೆ ಸುರ್ಕೊಂಡು ಸರಿ ಮಾಡಿ ಇಡ್ತಿದ್ದೆ. ಈ ಸಲ ಕೈಯೇ ಆಡ್ಲಿಲ್ಲ ನೋಡು.” ಊದಿದ ಬೆರಳುಗಳನ್ನು ತನ್ನವಲ್ಲವೆಂಬಂತೆ ನೋಡಿಕೊಂಡಳು.

ಹದಿನಾಲ್ಕು ವರ್ಷದ ಬೇಳೆ! ಮಾಡನ್ನು ಬಿಚ್ಚಿ ಕಟ್ಟೋಣವೆಂದರೆ ಸಮಯವೆಲ್ಲಿ? ಬಾಗಿಲಲ್ಲಿ ಗೆಳೆಯನ ದನಿ ಕೇಳಿಸಿತು.

ಅಕ್ಕಪಕ್ಕದ ಮನೆಯ ಹೆಂಗಸರು ಮಕ್ಕಳು ಆಗಲೇ ಹಾಲಿನಲ್ಲಿ ನೆರೆದಿದ್ದರು. ಗೆಳೆಯ ನೆಲದ ಮೇಲೆ ಮಂಡಿಯೂರಿ, ಇನ್‌ಸ್ಪೆಕ್ಷನ್ನಿಗೆ ಬಂದವನ ಹಾಗೆ ಒಂದೊಂದನ್ನೇ ನೋಡಿದ. ಭಾವ ಕೈಕಟ್ಟಿ ನಿಂತಿದ್ದರು.

“ಬಕೆಟ್ಟಲ್ಲಿ ಮರಳಿದ್ಯೇನೋ?”

“ಚಿರೋಟಿ ರವೆ ಹಾಕಿದೀನಿ.”

“ನಮ್ಮ ಸ್ಟೇಷನ್ನಲ್ಲಿ ಬರೀ ಬೀಡಿ ತುಂಡು ಇರ್ತಿತ್ತು ಗುರು!”

ಎಲ್ಲರೂ ನಕ್ಕರು. ಅವನ ಕಣ್ಣು ಮಾಡಿನ ಮೇಲೆ ನಿಂತಿತು. ಬಹಳ ಹೊತ್ತು ನಿಂತಿತು. ಅವತ್ತು ಮೆಡಿಕಲ್ಲಿನ ಸಾಲಿನಲ್ಲಿ ಭಾವನ ಹಿಂದೆಯೇ ನಿಂತಿದ್ದವನು ಅವನು. ಪಕ್ಕದ ಮನೆಯ ಪುಟ್ಟಿ ಕೇಳಿಯೇಬಿಟ್ಟಳು: “ಅಂಕಲ್, ರೂಫ್ ಯಾಕೆ ಎರಡು ಕಲರು?”

“ರಿಪೇರಿ ನಡೀತಿದೆ ಪುಟ್ಟಿ. ನಿಜವಾದ ಸ್ಟೇಷನ್ನಲ್ಲಿ ಯಾವಾಗ್ಲೂ ಏನಾದ್ರೂ ರಿಪೇರಿ ಇದ್ದೇ ಇರತ್ತೆ” ಎಂದ ಗೆಳೆಯ, ಭಾವನ ಕಡೆ ತಿರುಗಿ, “ಸ್ಟೇಷನ್ನು ಕಣೋ ಇದು” ಎಂದ. ಆಮೇಲೆ ಚೀಲದಿಂದ ತನ್ನ ಹಳೆಯ ಬಾವುಟಗಳನ್ನು ತೆಗೆದು ಭಾವನ ಕೈಗಿಟ್ಟ. “ಇವು ಇನ್ಮೇಲೆ ನಿಂದು. ಗಾಡಿ ಬಿಡು, ಮಾಸ್ಟ್ರೇ.”

ಕೊಡುವ ಉತ್ಸಾಹದಲ್ಲಿ ಅವನು ಮರೆತಿದ್ದ. ಕೊಟ್ಟ ಮರುಗಳಿಗೆ ನೆನಪಾಗಿ ಅವನ ಮುಖ ಸಣ್ಣಗಾಯಿತು. ಆರು ನಲವತ್ತು. ಒಂದು ಕೈಯಲ್ಲಿ ಕೆಂಪು, ಒಂದು ಕೈಯಲ್ಲಿ ಹಸಿರು. ಭಾವ ಒಮ್ಮೆ ಇದನ್ನು ನೋಡಿದರು, ಒಮ್ಮೆ ಅದನ್ನು. ನಲವತ್ತೊಂದು. ನಲವತ್ತೆರಡು. ಮಕ್ಕಳೆಲ್ಲ ಕಾಯುತ್ತಿದ್ದಾರೆ. ಹೇಗಾದರೂ ಸನ್ನೆ ಮಾಡೋಣವೆಂದು ನಾನು ಒದ್ದಾಡುತ್ತಿದ್ದೆ.

ಭಾವ ನನ್ನ ಕಡೆ ನೋಡಲೇ ಇಲ್ಲ. ಸೀದಾ ಅಕ್ಕ ಕೂತಿದ್ದ ಕುರ್ಚಿಯ ಹತ್ತಿರ ಹೋಗಿ, ಅಷ್ಟು ಜನರ ಎದುರಿಗೆ ಎರಡು ಕೈಗಳನ್ನೂ ಮುಂದಕ್ಕೆ ಚಾಚಿದರು.

“ಇದ್ರಲ್ಲಿ ಹಸಿರು ಯಾವ್ದೇ?”

ಅಕ್ಕ ಗಾಬರಿಯಿಂದ ಸುತ್ತ ನೋಡಿದಳು. “ರೀ...”

“ಇಷ್ಟು ವರ್ಷ ಆರಿಸಿ ಕೊಟ್ಟಿದೀಯ. ಇದೊಂದು ಹೇಳಲ್ವಾ?”

“ನಿಮ್ಗೆ ಗೊತ್ತಿತ್ತಾ?”

“ಇಟ್ಟಿಗೆ ಡಬ್ಬದಲ್ಲಿ ವಾರ ವಾರ ತೊಗರಿಬೇಳೆ ಸಿಗ್ತಿತ್ತಲ್ಲೇ” ಎಂದರು ಭಾವ.

ಅಕ್ಕ ನಕ್ಕಳೋ ಅತ್ತಳೋ ನಾನು ಸರಿಯಾಗಿ ನೋಡಲಿಲ್ಲ. ನನ್ನ ಕಣ್ಣು ತುಂಬಿಕೊಂಡು, ಆ ಗಳಿಗೆಯಲ್ಲಿ ಕೆಂಪು ಯಾವುದು ಹಸಿರು ಯಾವುದು ನನಗೂ ತಿಳಿಯುತ್ತಿರಲಿಲ್ಲ. ಅವಳು ಊದಿದ ಬೆರಳನ್ನು ಕಷ್ಟಪಟ್ಟು ಚಾಚಿ ಭಾವನ ಎಡಗೈಯನ್ನು ಮುಟ್ಟಿದಳು. ಭಾವ ಆ ಕೈ ಎತ್ತಿದರು.

ರೈಲು ಹೊರಟಿತು. ನಾಲ್ಕು ನಿಮಿಷ ಲೇಟು. ವಿಳಂಬಕ್ಕಾಗಿ ಅವತ್ತು ಯಾರೂ ವಿಷಾದ ಹೇಳಲಿಲ್ಲ.