ಶಂಕ್ರೆಪ್ಪನ ಒಂದು ದಿನದ ಇನ್‌ಚಾರ್ಜು

ಓಮಿನ ನೀರಿನ ವಾಸನೆ ಎಂದರೆ ಶಂಕ್ರೆಪ್ಪನಿಗೆ ಅಜ್ಜಿಯ ಸೆರಗು. ಸಾಲೆ ತಪ್ಪಿಸಲು ಹೊಟ್ಟೆನೋವೆಂದು ಸುಳ್ಳು ಹೇಳಿದ ದಿನವೂ ಅಜ್ಜಿ ಒಂದು ಚಮಚ ಕುಡಿಸಿ, ಸೆರಗಿನಿಂದ ಬಾಯಿ ಒರೆಸಿ, ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ಮುಂಬಯಿಯ ಭಾಂಡುಪಿನಲ್ಲಿ ಡಾಕ್ಟರ್ ಅಣವೀರಪ್ಪನವರ ದವಾಖಾನೆಗೆ ಕಂಪೌಂಡರನಾಗಿ ಸೇರಿದ ದಿನ, ಔಷಧಿ ಜಾಡಿಗಳಿದ್ದ ಹಿಂದಿನ ಖೋಲಿಯ ಬಾಗಿಲು ತೆರೆದಾಗ ಅದೇ ವಾಸನೆ ಬಂತು. ಖಾಲಿ ರಟ್ಟಿನ ಖೋಕೆ, ಮುರಿದ ಸ್ಟೂಲು, ಜೇಡರ ಬಲೆ ಯಾವುದೂ ಅವನಿಗೆ ಕಾಣಲಿಲ್ಲ. ಇಲ್ಲಿ ಒಲೆ, ಇಲ್ಲಿ ಹಾಸಿಗೆ ಎಂದು ನಿಂತಲ್ಲೇ ಸಂಸಾರ ಹೂಡಿಬಿಟ್ಟ.

ಸಂಸಾರ ಮಾತ್ರ ದೂರದ ಇಂಡಿ ತಾಲೂಕಿನ ಹಳ್ಳಿಯಲ್ಲಿತ್ತು. ಮದುವೆಯಾಗಿ ಮೂರು ವರ್ಷವಾದರೂ ಹೆಂಡತಿ ಸುಂದ್ರವ್ವ ಮುಂಬಯಿ ಕಂಡಿರಲಿಲ್ಲ. ಒಂಬತ್ತು ಗಂಡಸರು ಪಾಳಿಯ ಮೇಲೆ ಮಲಗುವ ಚಾಳಿನ ಖೋಲಿಗೆ ಹೆಂಡತಿಯನ್ನು ಕರೆತರುವುದಾದರೂ ಹೇಗೆ?

ಹೀಗಿರುವಾಗ ಡಾಕ್ಟರರು ಮಾಟುಂಗದಲ್ಲಿ ಯಾರದೋ ಭಾಷಣ ಕೇಳಿಬಂದರು. ಬಂದವರೇ ಮೇಜಿನ ಮೇಲೆ ಹೊಸದೊಂದು ರಜಿಸ್ಟರ್ ಇಟ್ಟರು.

"ಶಂಕ್ರೆಪ್ಪಾ, ಬರೇ ಔಷಧ ಕೊಟ್ರ ಸಾಲೂದಿಲ್ಲೋ, ಮ್ಯಾನೇಜ್‌ಮೆಂಟ್ ಬೇಕು. ನಾಳೆ ನಾ ಬೊರಿವಲಿಯಾಗಿನ ನಮ್ಮ ಹೊಸ ದವಾಖಾನಿಗೆ ಹೋಗ್ತೀನಿ. ಇಲ್ಲಿ ನೀನ ಇನ್‌ಚಾರ್ಜ್. ಹಳೇ ಔಷಧ, ಪಟ್ಟಿ, ಬರದಿಟ್ಟ ಇಂಜೆಕ್ಷನ್ ಅಷ್ಟ. ಹೊಸಾ ಬ್ಯಾನಿ ಇದ್ದವ್ರು ಸಂಜೀಕ ಬರ್ಲಿ. ಮಂದಿ ಏನ ತಕರಾರ ಇದ್ರೂ ಇದರಾಗ ಬರೀಲಿ. ಒಂದೂ ತಕರಾರ ಇರ್ಲಿಲ್ಲಂದ್ರ ಇನ್‌ಚಾರ್ಜ್ ಕಾಯಂ. ಹಿಂದಿನ ಖೋಲಿನೂ ಇನ್‌ಚಾರ್ಜ್‌ಗೇ."

ಮರುದಿನ ಶಂಕ್ರೆಪ್ಪ ಇಸ್ತ್ರಿಯ ಅಂಗಿ ತೊಟ್ಟು ಬಂದ. ಇಪ್ಪತ್ತು ವರ್ಷದಿಂದ ಅಲ್ಲಿ ಪಟ್ಟಿ ಕಟ್ಟುತ್ತ, ಸೂಜಿ ಚುಚ್ಚುತ್ತ ಬಂದಿದ್ದ ಧಾರವಾಡದ ನೀಲಾಬಾಯಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ನಾಲಗೆ ಅವಳ ಸೂಜಿಗಿಂತ ಚುರುಕು.

"ಇನ್‌ಚಾರ್ಜ್ ಸಾಹೇಬ್ರು ಬಂದ್ರೇನು? ಆರತಿ ತರಬೇಕಿತ್ತಲ್ಲ!"

"ನೀಲಕ್ಕಾ, ಇವತ್ತೊಂದಿನ ಜಗಳ ಬ್ಯಾಡ್ರಿ."

"ನಾ ಯಾವಾಗ ಜಗಳಾಡೇನೋ? ಅಂದವ್ರನ್ನ ತೋರ್ಸು, ಅವ್ರ ಕೂಡ ಜಗಳಾಡ್ತೀನಿ!"

ಹೊರಗೆ ಆಗಲೇ ನಲವತ್ತು ಬಾಟ್ಲಿಗಳು ಸಾಲು ನಿಂತಿದ್ದವು. ಬಾಟ್ಲಿಗಳೇ, ಜನರಲ್ಲ. ನಳದ ಮುಂದೆ ಕೊಡ ಸಾಲಿಟ್ಟು ಬೇರೆ ಕೆಲಸಕ್ಕೆ ಹೋಗುವುದು ಚಾಳಿನವರ ರೂಢಿ. ದವಾಖಾನೆಯಲ್ಲೂ ಅದೇ ಕಾನೂನು. ಔಷಧಿಯ ಬಾಟ್ಲಿಯನ್ನು ಕಟ್ಟೆಯ ಮೇಲೆ ಸರದಿಯಲ್ಲಿಟ್ಟು ಕೆಲವರು ಚಹಾಕ್ಕೆ, ಕೆಲವರು ಹರಟೆಗೆ ಹೋಗಿದ್ದರು. ನಲವತ್ತೂ ಒಂದೇ ಬಗೆಯ ಚಪ್ಪಟೆ ಸಾರಾಯಿ ಬಾಟ್ಲಿಗಳು. ಭಾಂಡುಪಿನ ಗಂಡಸರೆಲ್ಲ ಕುಡಿಯುತ್ತಿದ್ದುದು ಒಂದೇ ಮಾಲೆಂದು ಕಾಣುತ್ತದೆ. ಮೇಲೆ ಅಂಟಿಸಿದ ಕಾಗದದಲ್ಲಿ ಡೋಸಿನ ಗುರುತಿತ್ತೇ ಹೊರತು ಹೆಸರಿರಲಿಲ್ಲ.

ಇನ್‌ಚಾರ್ಜಿನ ಮೊದಲ ಹುಕುಂ ಎಂಬಂತೆ ಶಂಕ್ರೆಪ್ಪ, ಕಸ ಹೊಡೆಯುವ ಸಾಯಬಣ್ಣನನ್ನು ಕರೆದು, "ಕಟ್ಟಿ ಹೊಲಸಾಗ್ಯದ. ತೊಳದು ಲಕಲಕ ಮಾಡು" ಎಂದ.

ಸಾಯಬಣ್ಣ ಹೇಳಿದ ಕೆಲಸವನ್ನು ಮನಸ್ಸಿಟ್ಟು ಮಾಡುವವನು. ನಲವತ್ತೂ ಬಾಟ್ಲಿಗಳನ್ನು ಒಂದು ಬುಟ್ಟಿಗೆ ತುಂಬಿ ಮೂಲೆಗಿಟ್ಟು, ಕಟ್ಟೆ ತೊಳೆದು, ಒರೆಸಿ, ಅಕ್ಕರೆಯಿಂದ ಮತ್ತೆ ಸಾಲಾಗಿ ಜೋಡಿಸಿದ. ಮೊದಲಿಗಿಂತ ಸಾಲು ನೆಟ್ಟಗಿತ್ತು. ಯಾವುದು ಯಾರದೆಂಬುದು ಮಾತ್ರ ದೇವರಿಗೇ ಗೊತ್ತು.

ಹತ್ತು ನಿಮಿಷದಲ್ಲಿ ದವಾಖಾನೆ ಸಂತೆಯಾಯಿತು.

"ಇದು ನಂದು!"

"ನಿಂದ್ಹೆಂಗ? ಮೂಸಿ ನೋಡು, ನನ್ನ ಕೆಮ್ಮಿನ ಔಷಧ!"

"ಆ ತಳದಾಗ ಉಳದದ್ದು ನಮ್ಮತ್ತಿ ಹೊಟ್ಟಿ ಔಷಧ ಐತಿ, ಕುಡದಗಿಡದೀ!"

ಯಾರಾದರೂ ಕುಡಿದುಬಿಟ್ಟಾರೆಂದು ಶಂಕ್ರೆಪ್ಪ ಕಟ್ಟೆಯತ್ತ ಹಾರಿದ. ಎಲ್ಲವನ್ನೂ ಕಸಿದುಕೊಂಡ. ಬಿಸಿನೀರಿನಲ್ಲಿ ತೊಳೆದು, ಒಬ್ಬೊಬ್ಬರ ಹಳೆಯ ಚೀಟಿ ನೋಡಿ ಹೊಸ ಔಷಧಿ ತುಂಬಿ, ಹೊಸ ಕಾಗದ ಕತ್ತರಿಸಿ ಅಂಟಿಸುವುದೊಂದೇ ದಾರಿ. ನೀಲಾಬಾಯಿ, "ಮ್ಯಾನೇಜ್‌ಮೆಂಟ್ ಅಂದ್ರ ಇದ ಏನಪಾ?" ಎಂದಳು. ಅನ್ನುತ್ತಲೇ ಸೆರಗು ಸಿಕ್ಕಿಸಿ ಬಾಟ್ಲಿ ತೊಳೆಯಲು ಕುಳಿತಳು.

ಹನ್ನೊಂದು ಹೊಡೆದರೂ ಕೆಲಸ ಮುಗಿಯಲಿಲ್ಲ. ಬೆಳಗಿನ ಐದಕ್ಕೇ ಬಂದು ಮೊದಲ ಬಾಟ್ಲಿ ಇಟ್ಟಿದ್ದ ಅಂಬವ್ವನ ಸರದಿ ಎಲ್ಲಿ ಹೋಯಿತೋ. ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಂಗಿ ಹೊರುವ ಹೆಣ್ಣುಮಗಳು. ಆಗಲೇ ಕೂಲಿಯವರ ಮುಕಾದಮ ಅವಳ ಬದಲಿಗೆ ಇನ್ನೊಬ್ಬಳನ್ನು ಕೆಲಸಕ್ಕೆ ಹಚ್ಚಿದ್ದ. ಅವಳು ಬಂದು ಮೇಜಿನ ಮೇಲೆ ಕೈ ಬಡಿದಳು.

"ತಕರಾರಿನ ಬುಕ್ಕ ಐತಂತಲ್ಲ? ತಗಿ. ನಂಗ ಬರಿಯಾಕ ಬರೂದಿಲ್ಲ. ನೀ ಬರಿ."

ಓದು ಬಾರದವರ ಪತ್ರ ಬರೆದುಕೊಡುವಾಗ ಅವರಾಡಿದ ಒಂದಕ್ಷರವನ್ನೂ ಬಿಡಬಾರದೆಂಬುದು ಶಂಕ್ರೆಪ್ಪನ ನೇಮ. ಬೆವರು ಒರೆಸಿಕೊಂಡು ಬರೆದ. ಅವಳು ಬೈದದ್ದನ್ನೂ ಬರೆದ. ಬೈಗಳು ಯಾರಿಗೆಂಬ ಹೆಸರನ್ನು ಮಾತ್ರ ತಾನೇ ತುಂಬಿದ. ಕೊನೆಗೆ ಓದಿ ಹೇಳಿದ: "ಕಂಪೌಂಡರ ಶಂಕ್ರೆಪ್ಪನೆಂಬವನು ತಲೆಗೇಡಿ. ಅವನಿಂದ ನನ್ನ ಒಂದು ದಿನದ ದುಡಿಮೆ ಹಾಳಾಯಿತು."

"ಛಲೋ ಬರದೀ. ಯಾರಂವಾ ಶಂಕ್ರೆಪ್ಪ?"

"ನಾನ, ಯವ್ವಾ."

ಅಂಬವ್ವ ಬಾಯಿ ತೆರೆದಳು. "ನಿನ್ನ ಮ್ಯಾಲ ನೀನ ಬರಕೊಂಡ್ಯಾ? ಇದನ್ನ ಓದಿದ್ರ ಡಾಕ್ಟರ ಏನ ಮಾಡ್ತಾರ?"

ಶಂಕ್ರೆಪ್ಪ ಖೋಲಿಯ ಮಾತು ಹೇಳಿದ. ಸುಂದ್ರವ್ವನ ಮಾತೂ ತಾನಾಗಿ ಬಂದುಬಿಟ್ಟಿತು. ಅಂಬವ್ವ ರಜಿಸ್ಟರಿನ ಆ ಹಾಳೆಯನ್ನು ಪರ್ರನೆ ಹರಿದು, ಸುರುಳಿ ಸುತ್ತಿ, ತನ್ನ ಬಾಟ್ಲಿಯ ಬಾಯಿಗೆ ಬಿರಡೆ ಹಾಕಿದಳು.

"ಈಗ ಬ್ಯಾರೆ ಬರಿ. ಈ ಹುಡುಗ ಬಂಗಾರದಂಥಾಂವ ಅಂತ ಬರಿ."

"ನನ್ನ ಕೈಲೆ ನಾ ಹೆಂಗ ಬರಕೊಳ್ಳಲಿ?" ಎಂದು ಶಂಕ್ರೆಪ್ಪ ಕೆಂಪಾದ.

ನೀಲಾಬಾಯಿ ಒದ್ದೆ ಕೈ ಒರೆಸಿಕೊಂಡು ಪೆನ್ನು ಕಸಿದುಕೊಂಡಳು. "ಸರಿ ಆಚೆ. ಬೈಗಳಾ ಆದ್ರ ಚಂದಾಗಿ ಬರಕೋತೀ." ಅಂಬವ್ವ ಶುರುಮಾಡಿದ್ದೇ ತಡ, ಉಳಿದವರು ಮುಗಿಬಿದ್ದರು. ಅವನ ಕೈಗುಣದಿಂದ ಮಂಡಿನೋವು ಓಡಿಹೋಯಿತೆಂದು ಒಬ್ಬ. ಅವನು ಕೊಟ್ಟ ಔಷಧಿ ಕುಡಿದು ಅತ್ತೆ ಮೆತ್ತಗಾದಳೆಂದು ಒಬ್ಬಳು. ಸಾಯಬಣ್ಣ ಕೂಡ ಹೆಬ್ಬೆಟ್ಟು ಒತ್ತಿದ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಮೂರು ಹೊಗಳಿಕೆ, ಸೊನ್ನೆ ತಕರಾರು.

ಶಂಕ್ರೆಪ್ಪನ ಕಾಲು ನೆಲಕ್ಕೆ ತಾಗಲಿಲ್ಲ. ಓಡಿಹೋಗಿ ಸುಂದ್ರವ್ವನಿಗೆ ಒಂದು ಕಾರ್ಡು ಗೀಚಿದ: "ಖೋಲಿ ಸಿಕ್ಕಿದೆ. ಕಾಗದ ಮುಟ್ಟಿದ ಕೂಡಲೇ ಹೊರಡು." ಬರೆದದ್ದನ್ನು ಎರಡನೇ ಸಲ ಓದದೆ ಟಪಾಲು ಪೆಟ್ಟಿಗೆಗೆ ಹಾಕಿದ.

ಸಂಜೆ ಡಾಕ್ಟರರು ಬೆವರಿ ಬಂದರು. ರಜಿಸ್ಟರ್ ಓದುತ್ತ ಹೋದಂತೆ ಅವರ ಕಣ್ಣು ಮಂಜಾದವು. ಕನ್ನಡಕ ತೆಗೆದು ಒರೆಸಿ, ಎದ್ದು ಶಂಕ್ರೆಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಮಂದಿ ನಿನ್ನ ಮ್ಯಾಲ ಇಷ್ಟ ಜೀವಾ ಇಟ್ಟಾರ ಅಂತ ನಂಗ ಗೊತ್ತ ಇರ್ಲಿಲ್ಲೋ. ಬೊರಿವಲಿಯಾಗ ಇವತ್ತ ಮುಂಜಾನಿಂದ ಕೂತೆ. ಒಂದ ನರಪಿಳ್ಳೆ ಬರ್ಲಿಲ್ಲ. ಅಲ್ಲಿ ಡಾಕ್ಟರ್‌ಗಿಂತ ನಿನ್ನಂಥಾಂವ ಬೇಕು. ಸೋಮವಾರದಿಂದ ನೀ ಅಲ್ಲಿ ಇನ್‌ಚಾರ್ಜ್."

"ಸಾಹೇಬ್ರ... ಖೋಲಿ?"

"ಅಲ್ಲೆಲ್ಲಿ ಖೋಲಿ? ಮೆಟ್ಟಲ ಬುಡಕ ಜಾಗಾ ಸಿಕ್ಕದ್ದ ಪುಣ್ಯಾ. ದಾದರ್‌ದಾಗ ಗಾಡಿ ಬದಲಿಸಿದ್ರಾತು, ದಿನಾ ಹೋಗಿ ಬರಬಹುದು."

"ಇಲ್ಲಿ ಖೋಲಿ?"

"ಇಲ್ಲಿ ಇನ್‌ಚಾರ್ಜ್ ನೀಲಾಬಾಯಿ, ಖೋಲಿನೂ ಆಕಿಗೇ. ನೋಡು, ಇಡೀ ರಜಿಸ್ಟರ್‌ದಾಗ ಆಕಿ ಬಗ್ಗೆ ಒಂದೂ ಒಳ್ಳೇ ಮಾತಿಲ್ಲ. ಆಕಿನ್ನ ಹೊಸಾ ಜಾಗಾಕ್ಕ ಕಳಿಸಿದ್ರ ಬರೂವಂಥಾವ್ರೂ ಓಡಿ ಹೋಗ್ತಾರ!"

ಇಪ್ಪತ್ತಮೂರು ಹೊಗಳಿಕೆಯನ್ನೂ ತನ್ನ ಕೈಯಿಂದಲೇ ಬರೆದಿದ್ದ ನೀಲಾಬಾಯಿ ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ಹಿಂಜುತ್ತ ನಿಂತಳು.

ಶಂಕ್ರೆಪ್ಪ ಟಪಾಲು ಪೆಟ್ಟಿಗೆಯತ್ತ ಓಡಿದ. ಟಪಾಲು ಪೇದೆ ಆಗಲೇ ಕಾಗದ ಒಯ್ದಿದ್ದ. ಪೆಟ್ಟಿಗೆಯ ಬಾಯೊಳಗೆ ಎರಡು ಬೆರಳು ತೂರಿಸಿ, ಏನೂ ಸಿಗದೆ, ಮರಳಿ ಬಂದು ಕಟ್ಟೆಯ ಮೇಲೆ ಕುಳಿತ. ನಾಲ್ಕು ದಿನದಲ್ಲಿ ಸುಂದ್ರವ್ವ ಟ್ರಂಕು ಹಿಡಿದು ಇಳಿಯುತ್ತಾಳೆ. ಎಲ್ಲಿಗೆ?

ಅಂಬವ್ವ ಸಂತೋಷದ ಸುದ್ದಿ ಕೇಳಲೆಂದು ಲಗುಬಗೆಯಿಂದ ಬಂದಳು. ಅವನ ಮುಖ ನೋಡಿದವಳೇ ಪಕ್ಕದಲ್ಲಿ ಕುಳಿತು ಸೆರಗಿನ ಮರೆಯಿಂದ ಬಟ್ಟೆಯ ಗಂಟು ತೆಗೆದು, ಇನ್ನೂ ಬಿಸಿಯಿದ್ದ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಉಳ್ಳಾಗಡ್ಡಿಯನ್ನು ಅವನ ಕೈಯಲ್ಲಿಟ್ಟಳು.